ತಿರುವಿಗೆ ಮುಂಚೆ

ಆಷಾಢದ ಒಂದು ಸಂಜೆ, ತುಂತುರು ನಿಂತು ರಸ್ತೆಯ ತೇವ ಇನ್ನೂ ಆರಿರದ ಹೊತ್ತಿನಲ್ಲಿ, ಯಲಹಂಕ ಉಪನಗರದಿಂದ ಅಟ್ಟೂರಿನ ಮನೆಗೆ ಹಿಂದಿರುಗುತ್ತಿದ್ದ ನಾನು ಹತ್ತಿ ಕುಳಿತಿದ್ದ ಆಟೋರಿಕ್ಷಾವು, ಬಡಾವಣೆಯ ನೇರವಾದ ಬೀದಿ ಮುಗಿದು ಹಳೆಯ ಊರಿನ ಓಣಿ ಮೊದಲಾಗುವಲ್ಲಿ ಎಡಕ್ಕೆ ಹೊರಳಿದಾಗ, ನನ್ನ ಮಗ್ಗುಲಿನ ಹಿಂದಿನ ಚಕ್ರವು ನೆಲವನ್ನು ಬಿಟ್ಟಿತು. ಬಿಟ್ಟದ್ದು ಮೂರು ಬೆರಳಿನಷ್ಟಿರಬಹುದು. ಬಿಟ್ಟಿದ್ದ ಕಾಲವು ಒಂದು ಉಸಿರಿನಷ್ಟೂ ಇರಲಾರದು. ಆದರೆ ಅಷ್ಟರಲ್ಲಿ ನನ್ನ ಚೀಲದಿಂದ ಜಾರಿದ ಸೀಮೆಬದನೆಕಾಯಿಯೊಂದು ಸೀಟಿನ ಮೇಲೆ ಬಲಕ್ಕೆ ಉರುಳಿ ಹೋಗಿ ರಸ್ತೆಗೆ ಬಿದ್ದದ್ದನ್ನೂ, ಚಾಲಕನು ತನ್ನ ಮೈಯನ್ನು ಎಡಕ್ಕೆ ಜರುಗಿಸಿ ಹ್ಯಾಂಡಲನ್ನು ಕೂದಲೆಳೆಯಷ್ಟು ಸಡಿಲಿಸಿದ್ದನ್ನೂ, ಬ್ರೇಕಿನ ಪೆಡಲಿನ ಬಳಿಯಲ್ಲೇ ಇದ್ದ ಅವನ ಬಲಗಾಲು ಅದನ್ನು ಮುಟ್ಟದೆ ಹಾಗೆಯೇ ತಡೆದು ನಿಂತದ್ದನ್ನೂ ನಾನು ಸ್ಪಷ್ಟವಾಗಿ ಕಂಡೆನು. ಚಕ್ರವು ಧಪ್ಪನೆ ನೆಲಕ್ಕೆ ಇಳಿಯಿತು. ಗಾಡಿ ನೇರವಾದ ಮೇಲೆ ಆತ ಕನ್ನಡಿಯಲ್ಲಿ ನನ್ನನ್ನು ನೋಡಿ, "ತಪ್ಪು ನಂದೇ ಸಾರ್. ಟರ್ನಿಂಗಿಗೆ ಮುಂಚೇನೇ ಸ್ಲೋ ಮಾಡ್ಬೇಕಿತ್ತು. ಒಳಗೆ ಬಂದ್ಮೇಲೆ ಬ್ರೇಕ್ ತುಳಿದಿದ್ರೆ ಪಲ್ಟಿನೇ" ಎಂದನು. ಬಿದ್ದ ಸೀಮೆಬದನೆಕಾಯಿಗಾಗಿ ಗಾಡಿ ನಿಲ್ಲಿಸಲೇ ಎಂದೂ ಕೇಳಿದನು, ಬೇಡವೆಂದೆನು.

ಮನೆ ಸೇರಿ ಕೈಕಾಲು ತೊಳೆದುಕೊಂಡ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಸ್ಥೈರ್ಯವೆಂದರೆ ಏನು, ಅದು ಯಾವ ಕ್ಷಣದಲ್ಲಿ ಸಾಧಿಸತಕ್ಕದ್ದು, ಎಂಬ ಪ್ರಶ್ನೆಯನ್ನು ನಾನು ಗ್ರಂಥಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಬಹಳ ಸಲ ಎದುರುಗೊಂಡವನು. ಆದರೆ ಅದಕ್ಕೆ ಇಷ್ಟು ಸಂಕ್ಷಿಪ್ತವಾದ ಉತ್ತರವನ್ನು, ಅದೂ ತಪ್ಪೊಪ್ಪಿಗೆಯ ರೂಪದಲ್ಲಿ, ಕೇಳಿದ್ದು ಅದೇ ಮೊದಲು.

ಮೂರು ಎಂಬ ಸಂಖ್ಯೆಗೆ ನಮ್ಮಲ್ಲಿ ಸ್ಥೈರ್ಯದ ಕೀರ್ತಿ ಹಿಂದಿನಿಂದಲೂ ಉಂಟು. ಮಣ್ಣುನೆಲದ ಅಡಿಗೆಮನೆಯಲ್ಲಿ ಒಲೆಗುಂಡುಗಳು ಮೂರೇ ಇರುತ್ತಿದ್ದವು. ನೆಲ ಎಷ್ಟು ಏರುಪೇರಾಗಿದ್ದರೂ ಮೂರು ಗುಂಡುಗಳ ಮೇಲಿಟ್ಟ ಮಡಕೆ ಕುಣಿಯದು. ನಾಲ್ಕು ಕಾಲಿನ ಮಣೆಯಾದರೆ ಒಂದು ಕಾಲಿಗೆ ಕಾಗದ ಮಡಿಸಿ ಕೊಡಬೇಕಾಗುತ್ತದೆ, ಮೂರು ಕಾಲಿನದಕ್ಕೆ ಆ ಉಪಚಾರ ಬೇಡ. ಮೂರು ಬಿಂದುಗಳು ಎಲ್ಲಿದ್ದರೂ ಒಂದೇ ಸಮತಲದಲ್ಲಿರುತ್ತವೆ ಎಂಬ ರೇಖಾಗಣಿತದ ಸಾಮಾನ್ಯ ಸತ್ಯವೇ ಇದಕ್ಕೆ ಕಾರಣ. (ಮೂರು ಎಂದೊಡನೆ ತ್ರಿಮೂರ್ತಿಗಳನ್ನೂ ತ್ರಿಗುಣಗಳನ್ನೂ ಒಂದೊಂದು ಚಕ್ರಕ್ಕೆ ಒಬ್ಬೊಬ್ಬರಂತೆ ಕಟ್ಟಿಬಿಡುವ ಚಪಲ ಪ್ರಬಂಧಕಾರನಿಗೆ ಹುಟ್ಟುವುದು ಸಹಜ, ನಾನು ಅದನ್ನು ಪ್ರಯತ್ನಪೂರ್ವಕವಾಗಿ ಅದುಮಿಕೊಂಡಿದ್ದೇನೆ.) ಆದರೆ ಒಲೆಯು ಎಲ್ಲಿಗೂ ಹೋಗುವುದಿಲ್ಲವಷ್ಟೆ. ಅದರ ಸ್ಥೈರ್ಯವು ನಿಂತದ್ದರ ಸ್ಥೈರ್ಯ. ಅದೇ ಮೂರನ್ನು ಗಾಲಿ ಮಾಡಿ ಎಂಜಿನ್ ಹೂಡಿ ಓಡಿಸಿದರೆ, ನಿಂತಾಗ ಅದರ ಗುಣವಾಗಿದ್ದುದೇ ತಿರುಗುವಾಗ ಅದರ ಸಂಕಟವಾಗಿ ಪರಿಣಮಿಸುತ್ತದೆ.

ದ್ವಿಚಕ್ರವಾಹನವನ್ನು ನೋಡಿರಿ. ಅದನ್ನು ಬಿಟ್ಟರೆ ಬೀಳುತ್ತದೆ. ನಿಲ್ಲಿಸಬೇಕಾದರೆ ಸ್ಟ್ಯಾಂಡ್ ಹಾಕಬೇಕು. ಸ್ವಭಾವತಃ ಅಸ್ಥಿರವಾದ ಆ ವಸ್ತುವೇ ಓಡತೊಡಗಿದಾಗ ತಿರುವಿನಲ್ಲಿ ತಾನೇ ಒಳಕ್ಕೆ ವಾಲಿ, ಹೊರಕ್ಕೆ ತಳ್ಳುವ ಬಲವನ್ನೂ ಕೆಳಕ್ಕೆ ಎಳೆಯುವ ಭಾರವನ್ನೂ ಕೂಡಿಸಿ ಎರಡು ಟೈರುಗಳ ಗೆರೆಯ ಮೇಲೆಯೇ ಇಳಿಸಿಬಿಡುತ್ತದೆ. ಹತ್ತು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿ ಹಾಯುವ ಬೈಕು ಸುಮಾರು 32 ಡಿಗ್ರಿಯಷ್ಟು ವಾಲುತ್ತದೆ. ಸವಾರನ ಚಹಾದ ಫ್ಲಾಸ್ಕಿನಲ್ಲಿರುವ ಚಹಾಕ್ಕೆ ತಾನು ತಿರುಗಿದ್ದೇ ತಿಳಿಯದು. ಆಟೋರಿಕ್ಷಾಕ್ಕೆ ಈ ಸೌಲಭ್ಯವಿಲ್ಲ. ಅದು ಮೂರು ಕಾಲೂರಿ ನಿಂತಿರುವುದರಿಂದಲೇ ವಾಲಲಾರದು. ವಾಲಲಾರದ್ದರಿಂದ ಬಲವನ್ನೆಲ್ಲ ನೆಟ್ಟಗೆ ನಿಂತೇ ತಾಳಿಕೊಳ್ಳಬೇಕು.

ಎಷ್ಟು ತಾಳೀತು ಎಂಬುದನ್ನು ಒಂದು ಸ್ಥೂಲವಾದ ಲೆಕ್ಕದಿಂದ ತಿಳಿಯಬಹುದು. ಮುಂದಿನ ಚಕ್ರಕ್ಕೂ ಹಿಂದಿನ ಅಚ್ಚಿಗೂ ಎರಡು ಮೀಟರ್ ಅಂತರ, ಹಿಂದಿನ ಎರಡು ಚಕ್ರಗಳ ನಡುವೆ 115 ಸೆಂಟಿಮೀಟರ್, ಗಾಡಿಯೂ ಜನವೂ ಸೇರಿದ ಒಟ್ಟು ಭಾರದ ಕೇಂದ್ರವು ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿ, ಮುಂದಿನ ಚಕ್ರದಿಂದ 130 ಸೆಂಟಿಮೀಟರ್ ಹಿಂದೆ ಇದೆಯೆಂದು ಇಟ್ಟುಕೊಳ್ಳೋಣ. ಮೂರು ಚಕ್ರಗಳು ನೆಲ ಮುಟ್ಟುವ ಸ್ಥಳಗಳನ್ನು ಕೂಡಿಸಿದರೆ ತ್ರಿಕೋನವೊಂದು ದೊರೆಯುತ್ತದೆ; ಅದರ ಚೂಪಾದ ತುದಿ ಮುಂದೆ, ಅಗಲವಾದ ತಳ ಹಿಂದೆ. ಗಾಡಿ ಮಗುಚುವುದಾದರೆ ಮುಂದಿನ ಚಕ್ರದಿಂದ ಹೊರಗಿನ ಹಿಂಚಕ್ರಕ್ಕೆ ಎಳೆದ ಓರೆಗೆರೆಯ ಮೇಲೆಯೇ ಮಗುಚಬೇಕು. ಭಾರಕೇಂದ್ರವಿರುವ ಜಾಗದಲ್ಲಿ ಆ ಗೆರೆಯು ನಡುವಿನಿಂದ ಕೇವಲ 37 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹೀಗಿರುವಾಗ ಹತ್ತು ಮೀಟರ್ ತಿರುವಿನಲ್ಲಿ ಒಳಚಕ್ರ ಏಳತೊಡಗುವುದು ಗಂಟೆಗೆ 28 ಕಿಲೋಮೀಟರಿನ ಆಸುಪಾಸಿನಲ್ಲಿ. ಇಷ್ಟೇ ಅಗಲ, ಇಷ್ಟೇ ಎತ್ತರದ ನಾಲ್ಕು ಚಕ್ರದ ಗಾಡಿಯಾಗಿದ್ದರೆ 35ರವರೆಗೂ ತಡೆಯುತ್ತಿತ್ತು.

ಇನ್ನು ಬ್ರೇಕಿನ ವಿಷಯ. ಬ್ರೇಕ್ ತುಳಿದಾಗ ಗಾಡಿಯ ಭಾರವು ಮುಂದಕ್ಕೆ ಒರಗುತ್ತದೆ. ಮುಂದಕ್ಕೆ ಎಂದರೆ ಆ ತ್ರಿಕೋನದ ಚೂಪಾದ ತುದಿಯ ಕಡೆಗೆ, ಎಂದರೆ ಆಧಾರವು ಎಲ್ಲಿ ಅತ್ಯಂತ ಇಕ್ಕಟ್ಟಾಗಿದೆಯೋ ಅಲ್ಲಿಗೆ. ಬಲವಾಗಿ ತುಳಿದರೆ ಮೇಲೆ ಹೇಳಿದ 28 ಎಂಬ ಮಿತಿಯು 25ಕ್ಕೆ ಇಳಿದುಬಿಡುತ್ತದೆ. ಆದ್ದರಿಂದ 27ರ ವೇಗದಲ್ಲಿ ತಿರುವಿನೊಳಕ್ಕೆ ಬಂದು, ಸುಮ್ಮನಿದ್ದಿದ್ದರೆ ಹೇಗೋ ದಾಟಿಬಿಡುತ್ತಿದ್ದವನು, ಹೆದರಿ ಬ್ರೇಕ್ ತುಳಿದುದರಿಂದಲೇ ಮಗುಚುತ್ತಾನೆ. ಅಪಾಯವನ್ನು ಕಂಡೊಡನೆ ಮಾಡಬೇಕೆಂದು ಕಾಲು ತಾನಾಗಿ ಹೇಳುವ ಕೆಲಸವೇ ಅಪಾಯವನ್ನು ಪೂರ್ಣಗೊಳಿಸುತ್ತದೆ. ನನ್ನ ಆಟೋದ ಚಾಲಕ ಪೆಡಲಿನ ಮೇಲೆ ತಡೆದು ಹಿಡಿದ ಕಾಲು ಈ ಗಣಿತವನ್ನೆಲ್ಲ ಬಲ್ಲುದಾಗಿತ್ತು.

ಇದಕ್ಕೂ ಧರ್ಮಜಿಜ್ಞಾಸೆಗೂ ಏನು ಸಂಬಂಧವೆಂದು ಕೇಳುವವರಿಗೆ, ರಥವೆಂಬ ಉಪಮಾನವಿಲ್ಲದೆ ನಮ್ಮ ತತ್ತ್ವಶಾಸ್ತ್ರವು ಎರಡು ಹೆಜ್ಜೆಯನ್ನೂ ಇಡುವುದಿಲ್ಲವೆಂಬುದನ್ನು ಜ್ಞಾಪಿಸಬೇಕಾಗಿದೆ. ಕಠೋಪನಿಷತ್ತಿನಲ್ಲಿ ಶರೀರವು ರಥ, ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು, ವಿಷಯಗಳು ಅವು ಓಡುವ ದಾರಿ. ಋಗ್ವೇದದಲ್ಲಿ ಅಶ್ವಿನೀದೇವತೆಗಳ ರಥಕ್ಕೆ ಚಕ್ರಗಳು ಮೂರು, ಆಸನಗಳೂ ಮೂರು. ಋಭುಗಳ ಸೂಕ್ತವೊಂದರಲ್ಲಂತೂ ಕುದುರೆಯೂ ಇಲ್ಲದ ಲಗಾಮೂ ಇಲ್ಲದ ಮೂರು ಚಕ್ರದ ರಥವೊಂದು ಅಂತರಿಕ್ಷದಲ್ಲಿ ಸುತ್ತುತ್ತದೆ. ಇದನ್ನು ಹಿಡಿದುಕೊಂಡು ಆಟೋರಿಕ್ಷಾ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾರಲು ಹೊರಡುವ ಮಹನೀಯರಿಗೆ ದೂರದಿಂದಲೇ ನಮಸ್ಕಾರ; ಇಟಲಿಯ ಪಿಯಾಜಿಯೊ ಕಂಪನಿಯು 1948ರಲ್ಲಿ ತನ್ನ ವೆಸ್ಪಾ ಸ್ಕೂಟರಿನ ಹಿಂಭಾಗಕ್ಕೆ ಎರಡು ಚಕ್ರ ಜೋಡಿಸಿ 'ಆಪೆ' ಎಂಬ ಹೆಸರಿನಿಂದ ಹೊರತಂದ ಗಾಡಿಯೇ ಇದರ ನಿಜವಾದ ಪೂರ್ವಜ. ನನಗೆ ಕೌತುಕವಾಗಿ ಕಂಡದ್ದು ಬೇರೊಂದು. ಕಠೋಪನಿಷತ್ತಿನ ಉಪಮಾನದಲ್ಲಿ ಕುದುರೆಗಳ ಹಟವುಂಟು, ಲಗಾಮಿನ ಬಿಗಿತವುಂಟು. ಚಕ್ರದ ಮಾತಿಲ್ಲ, ದಾರಿಯ ತಿರುವಿನ ಮಾತೂ ಇಲ್ಲ. ದಾರಿಯು ನೇರವಾಗಿದ್ದರೂ ಕುದುರೆಗಳು ಕೆಡಿಸಬಲ್ಲವು, ನಿಜ. ಆದರೆ ಕುದುರೆಗಳೆಲ್ಲ ವಿಧೇಯವಾಗಿದ್ದಾಗ್ಯೂ ದಾರಿಯು ತಾನೇ ತಿರುಗಿಬಿಟ್ಟರೆ ಏನು ಮಾಡಬೇಕೆಂಬುದು ಸಂಸಾರಿಯಾದವನ ನಿತ್ಯದ ಪ್ರಶ್ನೆ.

ಸ್ಥಿತಪ್ರಜ್ಞನೆಂಬ ಮಾತನ್ನು ನಮ್ಮ ಜನರು ಸಾಮಾನ್ಯವಾಗಿ ಒಲೆಗುಂಡಿನ ಅರ್ಥದಲ್ಲಿಯೇ ತೆಗೆದುಕೊಂಡಿದ್ದಾರೆ: ಅಲುಗದವನು, ಬಾಗದವನು, ಬಂದದ್ದನ್ನೆಲ್ಲ ನೆಟ್ಟಗೆ ನಿಂತು ತಾಳಿಕೊಳ್ಳುವವನು. ಆದರೆ ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನನು ಅವನ ಲಕ್ಷಣವನ್ನು ಕೇಳುವಾಗ, ಅವನು ಹೇಗೆ ಮಾತನಾಡುತ್ತಾನೆ, ಹೇಗೆ ಕುಳಿತಿರುತ್ತಾನೆ ಎಂಬುದರೊಡನೆ ಹೇಗೆ ನಡೆಯುತ್ತಾನೆ ಎಂಬುದನ್ನೂ ಕೇಳಿದ್ದಾನೆ. ನಡೆಯದವನ ಸ್ಥೈರ್ಯವು ಅವನಿಗೆ ಬೇಕಾಗಿರಲಿಲ್ಲ. ನಮ್ಮ ಶಿವಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಗೆದದ್ದರಲ್ಲಿಯೂ, ಆ ಜಂಗಮವನ್ನು ಕಾಯಕವೆಂಬ ದಿನದಿನದ ದುಡಿಮೆಗೆ ಕಟ್ಟಿಹಾಕಿದ್ದರಲ್ಲಿಯೂ ಇದೇ ಅರಿವು ಕೆಲಸ ಮಾಡಿದೆಯೆಂದು ನನ್ನ ನಂಬಿಕೆ.

ಹಾಗಾದರೆ ಬೈಕಿನಂತೆ ಬಾಗುವುದೇ ಆದರ್ಶವೋ? ಈಚಿನ ಅನೇಕ ಆಧ್ಯಾತ್ಮಿಕ ಉಪನ್ಯಾಸಗಳು ಹಾಗೆಂದೇ ಹೇಳುತ್ತವೆ: ಬಾಗು, ಹರಿ, ಹಗುರಾಗು. ಕೇಳಲು ಸೊಗಸು. ಆದರೆ ಹಾಗೆ ಬಾಗಬಲ್ಲವನು ಒಂಟಿ ಸವಾರ. ಗೃಹಸ್ಥನೋ, ಹಿಂದಿನ ಸೀಟಿನಲ್ಲಿ ಮಂಡಿನೋವಿನ ತಾಯಿಯನ್ನೂ, ಆಕೆಯ ಪಕ್ಕದಲ್ಲಿ ಜ್ವರದ ಮಗುವನ್ನೂ, ಕಾಲ ಬಳಿ ಅಕ್ಕಿಯ ಮೂಟೆಯನ್ನೂ ಇಟ್ಟುಕೊಂಡು ಹೊರಟವನು. ಇವರೆಲ್ಲರೂ ಅವನೊಡನೆ ಒಂದೇ ಕೋನದಲ್ಲಿ ವಾಲಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಸಂನ್ಯಾಸಿಗೆ ಹೇಳಿದ ಹಗುರತನವನ್ನು ಸಂಸಾರಿಗೆ ಹಾಗೆಯೇ ಬೋಧಿಸುವುದು ಬೈಕಿನ ಪಾಠವನ್ನು ಆಟೋದವನಿಗೆ ಹೇಳಿಕೊಟ್ಟಂತೆ. ಚೆನ್ನೈನ ಚಾಲಕರೊಬ್ಬರು 2011ರಲ್ಲಿ ಮುಂಬಯಿಯಲ್ಲಿ ಆಟೋರಿಕ್ಷಾವನ್ನು ಎರಡೇ ಚಕ್ರಗಳ ಮೇಲೆ ವಾಲಿಸಿ 2.2 ಕಿಲೋಮೀಟರ್ ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದನ್ನು ನಾನು ಸಿದ್ಧಿಗಳ ಲೆಕ್ಕಕ್ಕೆ ಸೇರಿಸುತ್ತೇನೆ. ಸಿದ್ಧಿಗಳು ಉಂಟೆಂದು ಯೋಗಶಾಸ್ತ್ರವೂ ಒಪ್ಪುತ್ತದೆ, ಆದರೆ ಅವು ಸಮಾಧಿಗೆ ವಿಘ್ನವೆಂದೇ ಎಚ್ಚರಿಸುತ್ತದೆ.

ಗೃಹಸ್ಥನಿಗೆ ಉಳಿದಿರುವ ದಾರಿ ಆ ಚಾಲಕ ಹೇಳಿದ್ದೇ. ತಿರುವಿನೊಳಗೆ ಮಾಡಬಹುದಾದದ್ದು ಬಹಳ ಸ್ವಲ್ಪ; ಮಾಡಬೇಕಾದದ್ದೆಲ್ಲವೂ ತಿರುವಿಗೆ ಮುಂಚಿನದು. ಹೊರಕ್ಕೆ ತಳ್ಳುವ ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ, ನೇರದಾರಿಯಲ್ಲಿರುವಾಗಲೇ ವೇಗವನ್ನು ಅರ್ಧ ಮಾಡಿದವನಿಗೆ ಒಳಗೆ ಎದುರಾಗುವ ಬಲವು ಕಾಲುಭಾಗ ಮಾತ್ರ. ಪತಂಜಲಿಯು ಯೋಗದ ಎಂಟು ಅಂಗಗಳನ್ನು ಎಣಿಸುವಾಗ ಯಮನಿಯಮಗಳನ್ನು ಮೊದಲೆರಡು ಸ್ಥಾನಗಳಲ್ಲಿಟ್ಟು ಧ್ಯಾನವನ್ನು ಏಳನೆಯದಕ್ಕೆ ತಳ್ಳಿದ್ದು ಏಕೆಂದು ಹಿಂದೆ ನನಗೆ ಸೋಜಿಗವಾಗುತ್ತಿತ್ತು. ಮನಸ್ಸು ಹೊಯ್ದಾಡುವಾಗ ಧ್ಯಾನಕ್ಕೆ ಕುಳಿತುಕೊಳ್ಳುವುದು ತಿರುವಿನ ನಡುವೆ ಬ್ರೇಕ್ ತುಳಿದಂತೆಯೇ ಸರಿ ಎಂದು ಈಗ ತೋರುತ್ತದೆ. ಗೀತೋಪದೇಶವು ನಡೆದ ಸಂದರ್ಭವನ್ನೂ ಗಮನಿಸಬೇಕು. ಎರಡು ಸೇನೆಗಳ ನಡುವೆ ರಥವು ನಿಂತಿದೆ. ಒಂದು ಬಾಣವೂ ಇನ್ನೂ ಹೊರಟಿಲ್ಲ. ಹದಿನೆಂಟು ಅಧ್ಯಾಯಗಳೂ ಆ ನಿಂತ ರಥದಲ್ಲಿಯೇ ಮುಗಿಯುತ್ತವೆ. ಯುದ್ಧದ ಹದಿಮೂರನೆಯ ದಿನ, ಅಭಿಮನ್ಯು ಮಡಿದ ಸಂಜೆ, ಕೃಷ್ಣನು ಮತ್ತೊಮ್ಮೆ ಗೀತೆಯನ್ನು ಹೇಳಲಿಲ್ಲ. ಆ ತಿರುವಿನಲ್ಲಿ ಅರ್ಜುನನು ಭೀಕರವಾದ ಪ್ರತಿಜ್ಞೆಯನ್ನೇ ಮಾಡಿದನು.

ಇದಕ್ಕೆ ಪ್ರತಿಯಾಗಿ ಕರ್ಣನ ನೆನಪಾಗುತ್ತದೆ. ರಥದ ಚಕ್ರವು ನೆಲದಲ್ಲಿ ಹೂತಾಗ ಅವನು ಇಳಿದು ಅದನ್ನೆತ್ತುತ್ತ ಅರ್ಜುನನಿಗೆ ಯುದ್ಧಧರ್ಮವನ್ನು ಜ್ಞಾಪಿಸಿದನು. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಆ ಧರ್ಮ ಎಲ್ಲಿಗೆ ಹೋಗಿತ್ತೆಂದು ಕೃಷ್ಣನು ಕೇಳಿದನು. ಪಂಪನನ್ನು ಓದಿ ಕರ್ಣನಿಗಾಗಿ ಕಣ್ಣು ಒದ್ದೆ ಮಾಡಿಕೊಂಡ ಕನ್ನಡಿಗನಿಗೆ ಈ ಪ್ರಶ್ನೆಯು ಕ್ರೂರವಾಗಿಯೇ ಕೇಳಿಸುತ್ತದೆ, ನನಗೂ ಹಾಗೆಯೇ. ಆದರೂ ಅದರಲ್ಲಿರುವ ಕಾಲಜ್ಞಾನವನ್ನು ಅಲ್ಲಗಳೆಯಲಾರೆ. ಕರ್ಣನು ಕರೆದ ಧರ್ಮವು ಸುಳ್ಳಾಗಿರಲಿಲ್ಲ. ಅದನ್ನು ಕರೆಯಬೇಕಾಗಿದ್ದ ಸ್ಥಳವು ಹಸ್ತಿನಾವತಿಯ ಜೂಜಿನ ಸಭೆಯಾಗಿತ್ತು. ಅಲ್ಲಿ ದಾರಿಯಿನ್ನೂ ನೇರವಾಗಿತ್ತು. ಡಿ.ವಿ.ಜಿ.ಯವರು ಗೀತೆಗೆ ಬರೆದ ವ್ಯಾಖ್ಯಾನವನ್ನು 'ಜೀವನಧರ್ಮಯೋಗ'ವೆಂದು ಕರೆದರಷ್ಟೆ. ಜೀವನವೆಂದರೆ ಯುದ್ಧದ ಹದಿನೆಂಟು ದಿನಗಳಿಗಿಂತ ಅವುಗಳ ಹಿಂದಿನ ವರ್ಷಗಳೇ ಹೆಚ್ಚು ಎಂದು ನಾನು ಆ ಹೆಸರಿಗೆ ನನ್ನದೊಂದು ಅರ್ಥ ಕಟ್ಟಿಕೊಂಡಿದ್ದೇನೆ.

ಅಟ್ಟೂರಿನಿಂದ ಬಹಳ ದೂರವಿಲ್ಲದ ಯಲಹಂಕದಲ್ಲಿ 1984ರಿಂದ ರೈಲ್ವೆ ಚಕ್ರಗಳ ಕಾರ್ಖಾನೆಯೊಂದು ನಡೆಯುತ್ತಿದೆ. ಮೊದಲು ಅದಕ್ಕೆ ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎಂದು ಹೆಸರು. ರೈಲಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದುಕೊಂಡಿರುವುದರಿಂದ ಎರಡೂ ಒಟ್ಟಿಗೆ ಒಂದೇ ಸಮನೆ ಸುತ್ತಬೇಕು. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು. ಆಟೋವಿನಲ್ಲಿ ಈ ತೊಡಕನ್ನು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಬಿಡಿಸುತ್ತದೆ. ರೈಲಿನಲ್ಲಿ ಅದಿಲ್ಲ. ಅಲ್ಲಿ ಚಕ್ರದ ಹೊರಮೈಯನ್ನೇ ಇಪ್ಪತ್ತಕ್ಕೆ ಒಂದರ ಪ್ರಮಾಣದಲ್ಲಿ ಇಳಿಜಾರಾಗಿ ಮಾಡಿರುತ್ತಾರೆ. ತಿರುವು ಬಂದಾಗ ಅಚ್ಚು ಸ್ವಲ್ಪ ಹೊರಕ್ಕೆ ಸರಿದು, ಹೊರಚಕ್ರವು ತನ್ನ ದೊಡ್ಡ ಸುತ್ತಳತೆಯ ಮೇಲೂ ಒಳಚಕ್ರವು ಚಿಕ್ಕದರ ಮೇಲೂ ಉರುಳಿ, ಯಾರೂ ಹ್ಯಾಂಡಲ್ ತಿರುಗಿಸದೆಯೇ ಗಾಡಿಯು ತಿರುಗಿಹೋಗುತ್ತದೆ. ಹೊರಗಿನ ಹಳಿಯನ್ನೂ ಅಲ್ಲಿ ಮೊದಲೇ ಎತ್ತರಿಸಿರುತ್ತಾರೆ. ಎರಕ ಹೊಯ್ದು ಕಡೆದ ಆ ಚಕ್ರವು ಕಾರ್ಖಾನೆಯ ಬಾಗಿಲನ್ನು ದಾಟುವ ಮುಂಚೆಯೇ, ತಾನೆಂದೂ ಕಾಣದ ತಿರುವುಗಳಿಗೆಲ್ಲ ಬೇಕಾದ ಓರೆಯನ್ನು ಮೈಯಲ್ಲಿ ಹೊತ್ತಿರುತ್ತದೆ. ನಮ್ಮ ಹಿರಿಯರು ಸಂಸ್ಕಾರವೆಂದು ಕರೆದದ್ದು ಇಂಥದನ್ನೇ ಇರಬೇಕು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಎಲ್ಲ ತಿರುವುಗಳೂ ಮುನ್ಸೂಚನೆ ಕೊಟ್ಟು ಬರುತ್ತವೆಯೇ? ನಡುರಾತ್ರಿ ಬರುವ ದೂರವಾಣಿಯ ಕರೆಗೆ, ವೈದ್ಯರು ಕಾಗದವನ್ನು ಓದಿ ತಲೆಯೆತ್ತದೆ ಕುಳಿತ ಆ ನಿಮಿಷಕ್ಕೆ ಫಲಕವನ್ನು ಯಾರು ನೆಟ್ಟಿರುತ್ತಾರೆ? ಸರಿಯಾಗಿಯೇ ನಿಧಾನಿಸಿ ತಿರುಗುತ್ತಿರುವ ಆಟೋದ ಮುಂದೆ ನಾಯಿಯೊಂದು ಹಾರಿದರೆ ಒಳ್ಳೆಯ ಚಾಲಕನೂ ಬ್ರೇಕ್ ತುಳಿಯುತ್ತಾನೆ, ಕೆಲವು ಸಲ ಮಗುಚಿಯೂ ಮಗುಚುತ್ತಾನೆ. ಇದಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ. ಯಾವ ಕಾರ್ಯಕ್ಕೂ ಕಾರಣಗಳು ಐದೆಂದು ಗೀತೆಯ ಕೊನೆಯ ಅಧ್ಯಾಯವು ಎಣಿಸಿ, ಐದನೆಯದು ದೈವವೆಂದು ಹೇಳಿಬಿಡುತ್ತದೆ. ಉಳಿದ ನಾಲ್ಕು ನಮ್ಮ ಕೈಗೆ ಎಟುಕುವಂಥವು ಎಂಬಷ್ಟು ಮಾತ್ರ ಆ ಲೆಕ್ಕದಿಂದ ನನಗೆ ಸಿಕ್ಕಿದೆ.

ಆ ನಾಲ್ಕರಲ್ಲಿ ಚಾಲಕನದಲ್ಲದ ಪಾಲೂ ಒಂದಿದೆ. ಬುಲೆಟ್ಟಿಗೆ ಎಡಗಡೆ ಸೈಡ್‌ಕಾರ್ ಕಟ್ಟಿಕೊಂಡು ಓಡಾಡುತ್ತಿದ್ದ ಹಳೆಯ ಕಾಲದವರನ್ನು ಕೇಳಿದರೆ ತಿಳಿದೀತು: ಬಲಕ್ಕೆ ತಿರುಗುವಾಗ ಆ ಗಾಡಿ ಹಸುವಿನಷ್ಟು ಸಾಧು, ಎಡಕ್ಕೆ ತಿರುಗುವಾಗ ಖಾಲಿ ಸೈಡ್‌ಕಾರು ಗಾಳಿಗೇಳುತ್ತದೆ, ಅದರಲ್ಲಿ ಯಾರಾದರೂ ಕುಳಿತಿದ್ದರೆ ಏಳುವುದಿಲ್ಲ. ಕೂತವರ ಭಾರವೇ ಅಲ್ಲಿ ರಕ್ಷೆ. ಸೈಡ್‌ಕಾರ್ ಪಂದ್ಯಗಳಲ್ಲಂತೂ ಜೊತೆಗಾರನು ಪ್ರತಿ ತಿರುವಿಗೂ ತನ್ನ ಮೈಯನ್ನು ಹೊರಚಾಚಿ ನೆಲಕ್ಕೆ ತಾಗುವಷ್ಟು ಬಾಗುತ್ತಾನೆ. ಓಡಿಸುವವನ ಹೆಸರಿನೊಂದಿಗೆ ಅವನ ಹೆಸರೂ ಗೆಲುವಿನ ಪಟ್ಟಿಯಲ್ಲಿ ಬರುತ್ತದೆ. ಸಂಸಾರವೆಂಬ ಬಂಡಿಯಲ್ಲಿ ಕೂತವರು ತಾವು ಬರಿಯ ಸಾಮಾನೆಂದು ತಿಳಿಯುವುದು, ನಡೆಸುವವನು ತಾನೊಬ್ಬನೇ ಹೊಣೆಯೆಂದು ತಿಳಿಯುವುದು, ಎರಡೂ ಒಂದೇ ಅವಿವೇಕದ ಎರಡು ಮುಖಗಳು.

ಮತ್ತೆ ಅಟ್ಟೂರಿಗೆ ಬರೋಣ. ಆಯುಧಪೂಜೆಯ ದಿನ ನಮ್ಮ ಬೀದಿಯ ಆಟೋಗಳಿಗೆ ಬಾಳೆಕಂದು ಕಟ್ಟಿ, ಹಿಂಬದಿಯ ಶಂಕರ್‌ನಾಗ್ ಚಿತ್ರಕ್ಕೂ ಹೂವು ಏರಿಸಿ, ಮೂರು ಚಕ್ರಗಳ ಕೆಳಗೆ ಮೂರು ನಿಂಬೆಹಣ್ಣುಗಳನ್ನಿಟ್ಟು ಗಾಡಿಯನ್ನು ನಿಧಾನವಾಗಿ ಮುಂದಕ್ಕೆ ಬಿಡುತ್ತಾರೆ. ಆ ಸಂಜೆಯ ಚಾಲಕನನ್ನು ನಾನು ಮತ್ತೆ ಕಂಡದ್ದು ಅಂಥ ಒಂದು ಪೂಜೆಯಲ್ಲಿಯೇ. ಗಾಡಿಯು ನೇರವಾಗಿ ಎರಡು ಮಾರು ಹೋಗಿ ನಿಂತಿತು, ಹಣ್ಣುಗಳು ಚಪ್ಪಟೆಯಾಗಿದ್ದವು. "ಈ ಸಲ ಟರ್ನಿಂಗಲ್ಲಿ ಸ್ಲೋ ಹೋಗ್ತಿದೀನಿ ಸಾರ್" ಎಂದು ನಗುತ್ತ ನನ್ನ ಕೈಗೆ ಪುರಿ-ಸಿಹಿಯ ಪೊಟ್ಟಣವೊಂದನ್ನು ಕೊಟ್ಟನು. ನಾನು ಅವನಿಗೆ ಹೇಳಬೇಕಾದದ್ದೇನೂ ಇರಲಿಲ್ಲ.

ಓದುಗರಿಗೆ ಮಾತ್ರ ಒಂದು ವಿಜ್ಞಾಪನೆಯುಂಟು. ಬೆಳಗಿನ ಹೊತ್ತು ಶಾಲೆಗೆ ಹೋಗುವ ಆಟೋಗಳಲ್ಲಿ ಹಿಂದಿನ ಸೀಟು ತುಂಬಿದ ಮೇಲೆ ಚಾಲಕನ ಎರಡು ಮಗ್ಗುಲಿಗೂ ಮಕ್ಕಳನ್ನು ಕೂಡಿಸುವುದನ್ನು ನೀವೂ ನೋಡಿದ್ದೀರಿ. ಹಾಗೆ ಕೂಡಿಸಿದ ಭಾರವೆಲ್ಲವೂ ತ್ರಿಕೋನದ ಚೂಪಾದ ತುದಿಯ ಕಡೆಗೆ ಸರಿಯುತ್ತದೆ. ಭಾರಕೇಂದ್ರವು ಇಪ್ಪತ್ತು ಸೆಂಟಿಮೀಟರ್ ಮುಂದೆ ಬಂದರೆ, ಬ್ರೇಕನ್ನು ಮುಟ್ಟದೆಯೇ, ಆ 28 ಎಂಬುದು 26 ಆಗುತ್ತದೆ. ನಿಮ್ಮ ಮಗುವನ್ನು ಮುಂದಿನ ಸೀಟಿಗೆ ಹತ್ತಿಸಬೇಡಿರಿ; ಹೊತ್ತಾಯಿತೆಂದು ಚಾಲಕನನ್ನು ಅವಸರಪಡಿಸಲೂಬೇಡಿರಿ.